ನೈಟ್ರೈಟ್ ಆಕ್ಸಿಡೊರಿಡಕ್ಟೇಸ್: ನೈಟ್ರೇಟಿನ ಮೂರನೆಯ ಆಮ್ಲಜನಕ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಸೂಕ್ಷ್ಮಜೀವಿಶಾಸ್ತ್ರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದೇನೆ. ಸಾರಜನಕ ಚಕ್ರದ ಪಾಠದಲ್ಲಿ ಬರುವ ನೈಟ್ರೀಕರಣದ (ಅಮೋನಿಯ ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗುವ ಕ್ರಿಯೆಯ) ಎರಡನೆಯ ಹೆಜ್ಜೆ, ಅಂದರೆ ನೈಟ್ರೈಟ್ ನೈಟ್ರೇಟ್ ಆಗುವ ಕ್ರಿಯೆ, ಮೊದಲಿಗೆ ನನಗೆ ತೀರ ಸರಳವಾಗಿ ಕಂಡಿತ್ತು. ಎರಡು ನೈಟ್ರೈಟ್ ಅಯಾನುಗಳು ಒಂದು ಆಮ್ಲಜನಕ ಅಣುವಿನೊಡನೆ ಸೇರಿ ಎರಡು ನೈಟ್ರೇಟ್ ಅಯಾನುಗಳಾಗುತ್ತವೆ ಎಂದು ಪಠ್ಯದಲ್ಲಿದೆ. ನೈಟ್ರೈಟಿನಲ್ಲಿ ಎರಡು ಆಮ್ಲಜನಕ ಪರಮಾಣುಗಳು, ನೈಟ್ರೇಟಿನಲ್ಲಿ ಮೂರು. ಆದ್ದರಿಂದ ಗಾಳಿಯ ಆಮ್ಲಜನಕ ಎರಡಾಗಿ ಒಡೆದು ಒಂದೊಂದು ನೈಟ್ರೈಟಿಗೆ ಒಂದೊಂದು ಪರಮಾಣು ಅಂಟಿಕೊಳ್ಳುತ್ತದೆ ಎಂದೇ ನಾನು ಭಾವಿಸಿದ್ದೆ.

ಈಚೆಗೆ ಈ ಕ್ರಿಯೆಯನ್ನು ನಡೆಸುವ ನೈಟ್ರೈಟ್ ಆಕ್ಸಿಡೊರಿಡಕ್ಟೇಸ್ ಎಂಬ ಕಿಣ್ವದ ಬಗ್ಗೆ ಓದುವಾಗ, ಆ ಮೂರನೆಯ ಪರಮಾಣು ಬರುವುದು ನೀರಿನಿಂದ ಎಂಬ ಮಾತು ಸಿಕ್ಕಿತು. ಹಾಗಾದರೆ ಈ ಬ್ಯಾಕ್ಟೀರಿಯಗಳಿಗೆ ಗಾಳಿಯ ಆಮ್ಲಜನಕ ಏಕೆ ಬೇಕು? ಅದು ಇಲ್ಲದಿದ್ದರೆ ನೈಟ್ರೈಟಿನ ಉತ್ಕರ್ಷಣ ಏಕೆ ನಿಲ್ಲುತ್ತದೆ? ಜೊತೆಗೆ ಇನ್ನೆರಡು ಸಂದೇಹಗಳಿವೆ. ಇದೇ ಕಿಣ್ವ ನೈಟ್ರೇಟನ್ನು ಮರಳಿ ನೈಟ್ರೈಟಿಗೆ ಇಳಿಸಬಲ್ಲದು ಎಂದು ಓದಿದೆ. ಒಂದೇ ಕಿಣ್ವ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವುದಾದರೆ ಜೀವಕೋಶಕ್ಕೆ ಅದರಿಂದ ಶಕ್ತಿ ಹೇಗೆ ದಕ್ಕುತ್ತದೆ? ನಮ್ಮ ಪ್ರಯೋಗಾಲಯದಲ್ಲಿ ಮಣ್ಣಿನ ನೈಟ್ರೀಕರಣವನ್ನು ಅಳೆಯುವಾಗ ನೈಟ್ರೈಟ್ ಉಳಿಯುವಂತೆ ಮಾಡಲು ಕ್ಲೋರೇಟ್ ಸೇರಿಸುತ್ತೇವೆ. ಅದು ಈ ಕಿಣ್ವವನ್ನು ಹೇಗೆ ತಡೆಯುತ್ತದೆ ಎಂದು ಕೇಳಿದರೆ ಯಾರೂ ಸ್ಪಷ್ಟವಾಗಿ ವಿವರಿಸಲಿಲ್ಲ. ಬಲ್ಲವರು ದಯವಿಟ್ಟು ಮೂಲದಿಂದ ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1: ಕಿಣ್ವಶಾಸ್ತ್ರ ಬೋಧಕ

ನಿಮ್ಮ ಗೊಂದಲಕ್ಕೆ ಕಾರಣ ಆ ಸಮೀಕರಣವೇ ಹೊರತು ನಿಮ್ಮ ತರ್ಕವಲ್ಲ. ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಕಿಣ್ವಗಳು ನಡೆಸುವ ಎರಡು ಅರ್ಧಕ್ರಿಯೆಗಳನ್ನು ಕೂಡಿಸಿ, ಎರಡೂ ಬದಿಯ ನೀರನ್ನು ಹೊಡೆದುಹಾಕಿ ಬರೆದ ಲೆಕ್ಕ ಅದು. ಲೆಕ್ಕವಾಗಿ ಸರಿಯಾಗಿದೆ, ನಡೆಯುವ ಸಂಗತಿಯ ಚಿತ್ರವಾಗಿ ದಾರಿ ತಪ್ಪಿಸುತ್ತದೆ. ಮೊದಲನೆಯ ಅರ್ಧದಲ್ಲಿ ಒಂದು ನೈಟ್ರೈಟ್ ಅಯಾನು ಮತ್ತು ಒಂದು ನೀರಿನ ಅಣು ಸೇರಿ ಒಂದು ನೈಟ್ರೇಟ್, ಎರಡು ಪ್ರೋಟಾನುಗಳು ಮತ್ತು ಎರಡು ಇಲೆಕ್ಟ್ರಾನುಗಳು ಹುಟ್ಟುತ್ತವೆ. ಇದು ನೈಟ್ರೈಟ್ ಆಕ್ಸಿಡೊರಿಡಕ್ಟೇಸ್‌ನ ಕೆಲಸ. ಎರಡನೆಯ ಅರ್ಧದಲ್ಲಿ ಆ ಎರಡು ಇಲೆಕ್ಟ್ರಾನುಗಳು ಉಸಿರಾಟದ ಸರಣಿಯ ಕೊನೆಯಲ್ಲಿರುವ ಆಕ್ಸಿಡೇಸ್‌ಗೆ ತಲುಪಿ, ಅಲ್ಲಿ ಅರ್ಧ ಅಣು ಆಮ್ಲಜನಕ ಎರಡು ಪ್ರೋಟಾನುಗಳೊಡನೆ ಸೇರಿ ನೀರಾಗುತ್ತದೆ. ಮೊದಲ ಅರ್ಧದಲ್ಲಿ ಖರ್ಚಾದ ನೀರೂ ಎರಡನೆಯದರಲ್ಲಿ ಹುಟ್ಟಿದ ನೀರೂ ಲೆಕ್ಕದಲ್ಲಿ ಸರಿಹೋಗುವುದರಿಂದ ಪಠ್ಯದ ಸಮೀಕರಣದಲ್ಲಿ ನೀರು ಕಾಣಿಸುವುದೇ ಇಲ್ಲ.

ಇದು ಊಹೆಯಲ್ಲ. 1965ರಲ್ಲಿ ಅಲೀಮ್, ಹೋಚ್ ಮತ್ತು ವಾರ್ನರ್ ಎಂಬ ವಿಜ್ಞಾನಿಗಳು ಆಮ್ಲಜನಕದ 18 ದ್ರವ್ಯರಾಶಿಯ ಭಾರವಾದ ಸಮಸ್ಥಾನಿಯನ್ನು ಗುರುತಾಗಿ ಬಳಸಿ, ನೈಟ್ರೈಟನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯವಾದ ನೈಟ್ರೊಬ್ಯಾಕ್ಟರ್‌ನಲ್ಲಿ ಇದನ್ನು ಪರೀಕ್ಷಿಸಿದರು. ನೀರಿನಲ್ಲಿದ್ದ ಭಾರವಾದ ಆಮ್ಲಜನಕ ನೈಟ್ರೇಟಿನೊಳಗೆ ಸೇರಿಕೊಂಡಿತು. ಅನಿಲರೂಪದ ಆಮ್ಲಜನಕದ ಪರಮಾಣುಗಳು ಸೇರಲಿಲ್ಲ. ಆದ್ದರಿಂದ ಗಾಳಿಯ ಆಮ್ಲಜನಕ ಇಲ್ಲಿ ನೈಟ್ರೇಟಿನ ಘಟಕವಲ್ಲ, ಇಲೆಕ್ಟ್ರಾನುಗಳನ್ನು ಕೊನೆಯಲ್ಲಿ ಸ್ವೀಕರಿಸುವ ಪಾತ್ರೆ ಮಾತ್ರ. ಆ ಪಾತ್ರೆ ಇಲ್ಲದಿದ್ದರೆ ಸರಣಿಯ ಎಲ್ಲ ಸ್ಥಾನಗಳಲ್ಲಿಯೂ ಇಲೆಕ್ಟ್ರಾನುಗಳು ತುಂಬಿಕೊಂಡು ಕಿಣ್ವಕ್ಕೆ ಮುಂದಿನ ಜೋಡಿಯನ್ನು ಇಳಿಸಲು ಜಾಗವೇ ಇರುವುದಿಲ್ಲ, ಉತ್ಕರ್ಷಣ ನಿಲ್ಲುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಆಮ್ಲಜನಕವಿಲ್ಲದೆಯೇ ನೈಟ್ರೈಟನ್ನು ಉತ್ಕರ್ಷಿಸುವ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಗಳು. 2007ರಲ್ಲಿ ಪ್ರಕಟವಾದ ವರದಿಯಂತೆ ಥಯೋಕ್ಯಾಪ್ಸ ಕುಲದ ಒಂದು ತಳಿ ಬೆಳಕಿನ ಬಲದಿಂದ ನೈಟ್ರೈಟಿನ ಇಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ. ಇಲೆಕ್ಟ್ರಾನುಗಳಿಗೆ ಹೋಗಲು ಬೇರೊಂದು ಜಾಗ ಸಿಕ್ಕಿತು, ಅಷ್ಟೇ ಸಾಕಾಯಿತು.

ಇನ್ನು ಕಿಣ್ವದ ಒಳಗೆ ಏನಾಗುತ್ತದೆ ಎಂದು ನೋಡೋಣ, ಏಕೆಂದರೆ ನಿಮ್ಮ ಉಳಿದೆರಡು ಪ್ರಶ್ನೆಗಳ ಉತ್ತರವೂ ಅಲ್ಲಿಯೇ ಇದೆ. ಇದು ಮಾಲಿಬ್ಡಿನಂ ಲೋಹವನ್ನು ಬಳಸುವ ಕಿಣ್ವಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಕಿಣ್ವದ ಪ್ರೋಟೀನ್ ತುಂಡುಗಳಲ್ಲಿ ಒಂದಾದ ಆಲ್ಫಾ ಉಪಘಟಕದ ಆಳದಲ್ಲಿ ಒಂದು ಮಾಲಿಬ್ಡಿನಂ ಪರಮಾಣುವನ್ನು ಟೆರಿನ್ ಎಂಬ ಎರಡು ಸಾವಯವ ಅಣುಗಳು ತಮ್ಮ ಗಂಧಕಗಳಿಂದ ನಾಲ್ಕು ಕಡೆ ಹಿಡಿದುಕೊಂಡಿರುತ್ತವೆ. ಸಾಮಾನ್ಯವಾಗಿ ಒಪ್ಪಿಕೊಂಡಿರುವ ಚಿತ್ರದಂತೆ, ನೀರಿನಿಂದ ಬಂದ ಆಮ್ಲಜನಕ ಮೊದಲು ಈ ಮಾಲಿಬ್ಡಿನಂ ಮೇಲೆ ಕೂರುತ್ತದೆ. ನೈಟ್ರೈಟ್ ಹತ್ತಿರ ಬಂದಾಗ ಆ ಆಮ್ಲಜನಕ ನೈಟ್ರೈಟಿನ ಸಾರಜನಕಕ್ಕೆ ದಾಟುತ್ತದೆ. ಬಿಟ್ಟುಹೋದ ಎರಡು ಇಲೆಕ್ಟ್ರಾನುಗಳಿಂದ ಮಾಲಿಬ್ಡಿನಂ ಆರನೆಯ ಉತ್ಕರ್ಷಣ ಸ್ಥಿತಿಯಿಂದ ನಾಲ್ಕನೆಯದಕ್ಕೆ ಇಳಿಯುತ್ತದೆ. ಆಮೇಲೆ ಆ ಇಲೆಕ್ಟ್ರಾನುಗಳು ಒಂದೊಂದಾಗಿ ಕಬ್ಬಿಣ ಮತ್ತು ಗಂಧಕದ ಗುಚ್ಛಗಳ ಸಾಲಿನಲ್ಲಿ ಹೊರಗೆ ಹರಿಯುತ್ತವೆ. ಆಲ್ಫಾದಲ್ಲಿ ಇಂಥ ಒಂದು ಗುಚ್ಛ, ಬೀಟಾ ಉಪಘಟಕದಲ್ಲಿ ನಾಲ್ಕು, ಆಮೇಲೆ ಗಾಮಾ ಉಪಘಟಕದಲ್ಲಿ ಕಬ್ಬಿಣವನ್ನು ಹಿಡಿದ ಒಂದು ಹೀಮ್ ಅಣು. ಹೊಳೆ ದಾಟಲು ಸಾಲಾಗಿ ಇಟ್ಟ ಕಲ್ಲುಗಳಂತೆ ಇವು ಒಂದಕ್ಕೊಂದು ಇಲೆಕ್ಟ್ರಾನ್ ಹಾರಬಲ್ಲಷ್ಟು ಹತ್ತಿರದಲ್ಲಿವೆ.

ಆಕ್ಸಿಡೊರಿಡಕ್ಟೇಸ್ ಎಂಬುದು ಇಡೀ ಒಂದು ಕಿಣ್ವವರ್ಗದ ಹೆಸರಾದರೂ ಈ ಕಿಣ್ವದ ವಿಷಯದಲ್ಲಿ ಅದು ಅಕ್ಷರಶಃ ನಿಜ. ನೈಟ್ರೇಟನ್ನು ಉಸಿರಾಡುವ ಅನೇಕ ಬ್ಯಾಕ್ಟೀರಿಯಗಳಲ್ಲಿರುವ ನೈಟ್ರೇಟ್ ರಿಡಕ್ಟೇಸ್ ಇದರ ಹತ್ತಿರದ ಬಂಧು. ಅದೇ ಮಾಲಿಬ್ಡಿನಂ, ಅದೇ ಗುಚ್ಛಗಳ ಸಾಲು, ಹರಿವಿನ ದಿಕ್ಕು ಮಾತ್ರ ಎದುರು. ಯಾವ ಕಿಣ್ವವೂ ಕ್ರಿಯೆಯ ದಿಕ್ಕನ್ನು ತಾನೇ ನಿರ್ಧರಿಸುವುದಿಲ್ಲ. ಇಲೆಕ್ಟ್ರಾನುಗಳು ಒಂದು ತುದಿಯಲ್ಲಿ ಸೇರುತ್ತಿವೆಯೋ ಖಾಲಿಯಾಗುತ್ತಿವೆಯೋ ಎಂಬುದು ನಿರ್ಧರಿಸುತ್ತದೆ. ನೈಟ್ರೊಬ್ಯಾಕ್ಟರ್‌ನ ಕೆಲವು ತಳಿಗಳಿಗೆ ಆಮ್ಲಜನಕ ಕೊಡದೆ ಸಾವಯವ ಆಹಾರವನ್ನೂ ನೈಟ್ರೇಟನ್ನೂ ಕೊಟ್ಟರೆ ಅವು ಇದೇ ಕಿಣ್ವವನ್ನು ಹಿಂದಕ್ಕೆ ನಡೆಸಿ ನೈಟ್ರೇಟನ್ನು ನೈಟ್ರೈಟಾಗಿಸುತ್ತವೆ.

ಕ್ಲೋರೇಟಿನ ಗುಟ್ಟೂ ಇದೇ. ಮೂರು ಆಮ್ಲಜನಕಗಳನ್ನು ಹೊತ್ತ, ಒಂದು ಋಣ ಆವೇಶವುಳ್ಳ ಕ್ಲೋರೇಟ್ ಕಿಣ್ವದ ಕಣ್ಣಿಗೆ ನೈಟ್ರೇಟಿನ ಹಾಗೆಯೇ ಕಾಣುತ್ತದೆ. ಕಿಣ್ವ ಅದನ್ನು ಅಪಕರ್ಷಿಸಿ ಕ್ಲೋರೈಟ್ ಆಗಿಸುತ್ತದೆ. ಕ್ಲೋರೈಟ್ ಪ್ರಬಲವಾದ ಉತ್ಕರ್ಷಕ ವಿಷ. ಅಂದರೆ ಕ್ಲೋರೇಟ್ ತಾನಾಗಿ ಬಾಗಿಲು ಮುಚ್ಚುವುದಕ್ಕಿಂತ ಹೆಚ್ಚಾಗಿ, ಕಿಣ್ವದ ಹಿಮ್ಮುಖ ಸಾಮರ್ಥ್ಯವನ್ನೇ ಬಳಸಿಕೊಂಡು ಕೋಶದ ಬಳಿಯಲ್ಲಿಯೇ ವಿಷವನ್ನು ಹುಟ್ಟಿಸುತ್ತದೆ.

ಪ್ರಶ್ನೆ ಕೇಳಿದವರು

ಗುರುಗಳೇ, ಬಹಳ ಧನ್ಯವಾದ. ಎರಡು ಅರ್ಧಗಳನ್ನು ಬಿಡಿಸಿ ಹೇಳಿದ ಮೇಲೆ ಮೊದಲ ಗೊಂದಲ ಪೂರ್ತಿ ತಿಳಿಯಾಯಿತು. ಶಕ್ತಿಯ ಪ್ರಶ್ನೆ ಮಾತ್ರ ಇನ್ನೂ ಕಾಡುತ್ತಿದೆ. ನೈಟ್ರೇಟ್ ಮತ್ತು ನೈಟ್ರೈಟ್ ಜೋಡಿಯ ವಿಭವ, ಅಂದರೆ ಇಲೆಕ್ಟ್ರಾನುಗಳನ್ನು ಸೆಳೆಯುವ ಬಲದ ಅಳತೆ, ಸುಮಾರು ಧನ 0.43 ವೋಲ್ಟ್ ಎಂದು ಪಟ್ಟಿಯಲ್ಲಿದೆ. ಸರಣಿಯಲ್ಲಿ ಇಲೆಕ್ಟ್ರಾನುಗಳನ್ನು ಹೊರುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನಿನ ವಿಭವ ಅದಕ್ಕಿಂತ ಕಡಿಮೆ, ಸುಮಾರು ಧನ 0.25 ವೋಲ್ಟ್. ಇಲೆಕ್ಟ್ರಾನುಗಳು ಕಡಿಮೆ ವಿಭವದಿಂದ ಹೆಚ್ಚಿನ ವಿಭವದ ಕಡೆಗೆ ಹರಿಯಬೇಕಲ್ಲವೇ? ಮೊದಲ ಹೆಜ್ಜೆಯೇ ಏರು ದಾರಿಯಾದರೆ ಈ ಜೀವಿಗಳು ಬದುಕುವುದು ಹೇಗೆ? ಮತ್ತು ಕಿಣ್ವ ಪೊರೆಯ ಒಳಬದಿಯಲ್ಲಿದೆಯೋ ಹೊರಬದಿಯಲ್ಲಿದೆಯೋ ಎಂಬ ಚರ್ಚೆಯನ್ನು ಒಂದೆರಡು ಕಡೆ ನೋಡಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 2: ಜೀನೋಮ್ ಅಧ್ಯಯನದವರು

ಸಂಬಂಧವಿದೆ. ನನ್ನ ಅಭಿಪ್ರಾಯದಲ್ಲಿ ಈ ಕಿಣ್ವದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ, ಪಠ್ಯಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜಾಗ ಸಿಗುವುದೂ ಅದಕ್ಕೇ.

ಮೊದಲು ಒಟ್ಟು ಆದಾಯವನ್ನು ನೋಡಿ. ಆಮ್ಲಜನಕ ಮತ್ತು ನೀರಿನ ಜೋಡಿಯ ವಿಭವ ಧನ 0.82 ವೋಲ್ಟ್. ನೈಟ್ರೈಟಿನಿಂದ ಅಲ್ಲಿಗೆ ಇರುವ ಅಂತರ ಸುಮಾರು 0.39 ವೋಲ್ಟ್. ಎರಡು ಇಲೆಕ್ಟ್ರಾನುಗಳಿಗೆ ಲೆಕ್ಕ ಹಾಕಿದರೆ ಒಂದು ಮೋಲ್ ನೈಟ್ರೈಟಿಗೆ ಸುಮಾರು 74 ಕಿಲೋಜೂಲ್ ಸಿಗುತ್ತದೆ. ಅಮೋನಿಯವನ್ನು ನೈಟ್ರೈಟಾಗಿಸುವ ಮೊದಲ ಹೆಜ್ಜೆಯ ಬ್ಯಾಕ್ಟೀರಿಯಗಳಿಗೆ ಸಿಗುವುದು ಸುಮಾರು 275 ಕಿಲೋಜೂಲ್. ಇಷ್ಟು ಸಣ್ಣ ಆದಾಯದಲ್ಲಿ ಈ ಜೀವಿಗಳು ಇಂಗಾಲದ ಡೈಆಕ್ಸೈಡಿನಿಂದ ಇಡೀ ದೇಹವನ್ನು ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ, ಇಲೆಕ್ಟ್ರಾನುಗಳನ್ನು ಒದಗಿಸುವ ಅಣುವಾದ ಎನ್‌ಎಡಿಎಚ್‌ನ ವಿಭವ ಋಣ 0.32 ವೋಲ್ಟ್, ಅಂದರೆ ನೈಟ್ರೈಟಿನ ಇಲೆಕ್ಟ್ರಾನುಗಳಲ್ಲಿ ಒಂದು ಪಾಲನ್ನು 0.75 ವೋಲ್ಟ್ ಮೇಲಕ್ಕೆ ಏತ ಹಾಕಿ ಎತ್ತಬೇಕು. ಈ ಹಿಮ್ಮುಖ ಇಲೆಕ್ಟ್ರಾನ್ ಸಾಗಣೆಯ ಖರ್ಚನ್ನು ಉಳಿದ ಇಲೆಕ್ಟ್ರಾನುಗಳು ದುಡಿದು ಕೊಡಬೇಕು. ನೈಟ್ರೊಬ್ಯಾಕ್ಟರ್ ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಸ್ಥಿರೀಕರಿಸಲು ಸುಮಾರು 85ರಿಂದ 100 ನೈಟ್ರೈಟ್ ಅಣುಗಳನ್ನು ಉತ್ಕರ್ಷಿಸುತ್ತದೆ ಎಂದು ಅಂದಾಜು ಮಾಡಿದ್ದಾರೆ. ಅದರ ಕೋಶದ ಒಟ್ಟು ಪ್ರೋಟೀನಿನಲ್ಲಿ ಶೇಕಡಾ 10ರಿಂದ 30ರಷ್ಟು ಈ ಒಂದು ಕಿಣ್ವವೇ ಆಗಿರುವುದು, ಒಳಪೊರೆಗಳ ಮಡಿಕೆಗಳಲ್ಲಿ ಅದರ ಕಣಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುವುದು ಇದರಿಂದಲೇ.

ಈಗ ನಿಮ್ಮ ಏರು ದಾರಿಯ ಪ್ರಶ್ನೆ. ನೈಟ್ರೊಬ್ಯಾಕ್ಟರ್‌ನಲ್ಲಿ ಕಿಣ್ವದ ಕ್ರಿಯಾಸ್ಥಾನ ಪೊರೆಯ ಒಳಬದಿಯಲ್ಲಿ, ಕೋಶದ್ರವಕ್ಕೆ ಮುಖ ಮಾಡಿದೆ. ಸೈಟೋಕ್ರೋಮ್ ಸಿ ಇರುವುದು ಹೊರಬದಿಯಲ್ಲಿ. ಉಸಿರಾಡುವ ಕೋಶದಲ್ಲಿ ಪೊರೆಯ ಒಳಬದಿ ಋಣ, ಹೊರಬದಿ ಧನ. ಆದ್ದರಿಂದ ಒಳಗಿನ ಇಲೆಕ್ಟ್ರಾನನ್ನು ಪೊರೆಯ ವಿದ್ಯುತ್ ಒತ್ತಡವೇ ಹೊರಕ್ಕೆ ನೂಕುತ್ತದೆ. ನೀವು ಗುರುತಿಸಿದ ಏರನ್ನು ಹತ್ತಿಸುವುದು ಈ ನೂಕು. ಆದರೆ ಅದು ಪುಕ್ಕಟೆಯಲ್ಲ. ಹೊರಬಂದ ಇಲೆಕ್ಟ್ರಾನ್ ಆಕ್ಸಿಡೇಸ್‌ನಲ್ಲಿ ಮತ್ತೆ ಒಳಗಿನ ಪ್ರೋಟಾನುಗಳ ಕಡೆಗೆ ಮರಳುವಾಗ ಆ ಒತ್ತಡವನ್ನು ತುಂಬಿಕೊಡುತ್ತದೆ. ನೈಟ್ರೈಟ್ ಉತ್ಕರ್ಷಣದಿಂದ ಕೋಶದ್ರವದಲ್ಲಿ ಬಿಡುಗಡೆಯಾದ ಎರಡು ಪ್ರೋಟಾನುಗಳು ನೀರು ಹುಟ್ಟುವಾಗ ಅಲ್ಲಿಯೇ ಖರ್ಚಾಗುತ್ತವೆ. ಹೀಗೆ ಕೂಡಿ ಕಳೆದರೆ ಕೈಗೆ ಉಳಿಯುವುದು ಆಕ್ಸಿಡೇಸ್ ತಾನಾಗಿ ಪಂಪು ಮಾಡಿ ಹೊರಹಾಕುವ ಪ್ರೋಟಾನುಗಳ ಲಾಭ ಮಾತ್ರ. ಇದಲ್ಲದೆ ಇಲ್ಲಿ ಪ್ರತಿಯೊಂದು ನೈಟ್ರೈಟ್ ಅಯಾನೂ ಒಳಗೆ ಬರಬೇಕು, ಪ್ರತಿಯೊಂದು ನೈಟ್ರೇಟ್ ಅಯಾನೂ ಹೊರಗೆ ಹೋಗಬೇಕು. ಅದಕ್ಕೆ ಪೊರೆಯಲ್ಲಿ ಸಾಗಣೆ ಪ್ರೋಟೀನುಗಳು ಬೇಕು.

ನೈಟ್ರೋಸ್ಪೈರ ಎಂಬ ಇನ್ನೊಂದು ನೈಟ್ರೈಟ್ ಉತ್ಕರ್ಷಕ ಬ್ಯಾಕ್ಟೀರಿಯದಲ್ಲಿ ಕತೆ ಬೇರೆ. ಅಲ್ಲಿ ಕಿಣ್ವ ಹೊರಬದಿಯಲ್ಲಿ, ಪೆರಿಪ್ಲಾಸಂ ಎಂಬ ಪೊರೆಗಳ ನಡುವಿನ ಅವಕಾಶದಲ್ಲಿದೆ. ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು 1990ರ ದಶಕದಲ್ಲಿ, ಪ್ರತಿಕಾಯಗಳಿಗೆ ಚಿನ್ನದ ಕಣಗಳನ್ನು ಕಟ್ಟಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. 2010ರಲ್ಲಿ ನೈಟ್ರೋಸ್ಪೈರ ಡಿಫ್ಲುವಿಯದ ಜೀನೋಮ್ ಪ್ರಕಟವಾದಾಗ ಕಿಣ್ವದ ಪ್ರೋಟೀನುಗಳನ್ನು ಪೊರೆಯಾಚೆ ಕಳಿಸುವ ವ್ಯವಸ್ಥೆಯ ಕುರುಹುಗಳು ಜೀನುಗಳಲ್ಲಿಯೇ ಕಂಡವು. ಈ ಏರ್ಪಾಡಿನಲ್ಲಿ ನೈಟ್ರೈಟನ್ನು ಒಳತರುವ ಗೋಜಿಲ್ಲ. ಉತ್ಕರ್ಷಣದಿಂದ ಬಿಡುಗಡೆಯಾಗುವ ಎರಡು ಪ್ರೋಟಾನುಗಳು ಹೊರಗೇ ಉಳಿಯುತ್ತವೆ, ನೀರಾಗಲು ಬೇಕಾದ ಪ್ರೋಟಾನುಗಳು ಒಳಗಿನಿಂದ ಖರ್ಚಾಗುತ್ತವೆ. ಪಂಪು ಮಾಡದೆಯೇ ಪ್ರೋಟಾನು ಅಂತರ ಬೆಳೆಯುತ್ತದೆ. ಪೊರೆಯ ಒತ್ತಡದ ನೂಕು ಇಲ್ಲಿ ಸಿಗದಿರುವುದರಿಂದ ಇಲೆಕ್ಟ್ರಾನನ್ನು ಮುಂದಿನ ಸರಣಿ ತಡವಿಲ್ಲದೆ ಸೆಳೆದುಕೊಳ್ಳುತ್ತಿರಬೇಕು ಎಂಬುದೂ ನಿಜ.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. 2015ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಗರಿಷ್ಠ ವೇಗದ ಅರ್ಧವನ್ನು ಮುಟ್ಟಲು ಬೇಕಾದ ನೈಟ್ರೈಟ್ ಸಾಂದ್ರತೆ ನೈಟ್ರೋಸ್ಪೈರ ತಳಿಗಳಲ್ಲಿ ಲೀಟರಿಗೆ 9ರಿಂದ 27 ಮೈಕ್ರೋಮೋಲ್, ನೈಟ್ರೊಬ್ಯಾಕ್ಟರ್ ತಳಿಗಳಲ್ಲಿ 49ರಿಂದ 544 ಮೈಕ್ರೋಮೋಲ್ ಎಂದು ಕಂಡುಬಂದಿತು. ನೈಟ್ರೈಟ್ ವಿರಳವಾಗಿರುವಲ್ಲಿ ನೈಟ್ರೋಸ್ಪೈರ ಗೆಲ್ಲುತ್ತದೆ, ಧಾರಾಳವಾಗಿರುವಲ್ಲಿ ನೈಟ್ರೊಬ್ಯಾಕ್ಟರ್ ಮುಂದೆ ಬರುತ್ತದೆ. ಇಂಗಾಲವನ್ನು ಕಟ್ಟುವ ದಾರಿಗಳೂ ಬೇರೆ: ನೈಟ್ರೊಬ್ಯಾಕ್ಟರ್ ಕ್ಯಾಲ್ವಿನ್ ಚಕ್ರವನ್ನು ಬಳಸಿದರೆ, ನೈಟ್ರೋಸ್ಪೈರ ಹೆಚ್ಚು ಮಿತವ್ಯಯದ ಹಿಮ್ಮುಖ ಸಿಟ್ರಿಕ್ ಆಮ್ಲ ಚಕ್ರವನ್ನು ಬಳಸುತ್ತದೆ.

ಈ ಎರಡು ಬಗೆಗಳು ಒಂದೇ ಕಿಣ್ವದ ಎರಡು ಭಂಗಿಗಳೆಂದು ತಿಳಿಯಬಾರದು. ಜೀನುಗಳ ವಂಶವೃಕ್ಷದಲ್ಲಿ ನೈಟ್ರೊಬ್ಯಾಕ್ಟರ್‌ನ ಕಿಣ್ವ ಮೇಲೆ ಹೇಳಿದ ನೈಟ್ರೇಟ್ ರಿಡಕ್ಟೇಸ್‌ಗಳ ಪಕ್ಕದಲ್ಲಿ ಕೂರುತ್ತದೆ. ನೈಟ್ರೋಸ್ಪೈರ ಮತ್ತು ಸಾಗರದ ನೈಟ್ರೋಸ್ಪೈನಗಳದು ಬೇರೆಯೇ ಕೊಂಬೆ, ಮತ್ತು ಆ ಕೊಂಬೆಯನ್ನು ಅವು ಹಂಚಿಕೊಳ್ಳುವುದು ಆಮ್ಲಜನಕವಿಲ್ಲದೆ ಬದುಕುವ ಅನಾಮಾಕ್ಸ್ ಬ್ಯಾಕ್ಟೀರಿಯಗಳೊಡನೆ! ನೈಟ್ರೈಟನ್ನು ಉತ್ಕರ್ಷಿಸಿ ಬದುಕುವ ವಿದ್ಯೆ ವಿಕಾಸದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿದೆ.

ಅನಾಮಾಕ್ಸ್ ಜೀವಿಗಳು ಅಮೋನಿಯವನ್ನೂ ನೈಟ್ರೈಟನ್ನೂ ಸೇರಿಸಿ ಸಾರಜನಕ ಅನಿಲವಾಗಿಸುತ್ತವೆ. ಅವುಗಳಿಗೆ ನೈಟ್ರೈಟನ್ನು ಉತ್ಕರ್ಷಿಸುವ ಕಿಣ್ವ ಏಕೆ ಬೇಕು ಎಂದು ಮೊದಲ ಸಲ ಓದಿದಾಗ ನಾನೂ ಯೋಚಿಸಿದ್ದೆ. ಇಂಗಾಲವನ್ನು ಸ್ಥಿರೀಕರಿಸಲು ಖರ್ಚಾಗುವ ಇಲೆಕ್ಟ್ರಾನುಗಳನ್ನು ಅವು ನೈಟ್ರೈಟಿನಿಂದಲೇ ತುಂಬಿಕೊಳ್ಳುತ್ತವೆ. 1998ರಲ್ಲಿ ಅಳೆದ ಪ್ರಮಾಣಗಳಲ್ಲಿ ಒಂದು ಅಮೋನಿಯಮ್‌ಗೆ 1.32 ನೈಟ್ರೈಟ್ ಖರ್ಚಾಗಿ 0.26 ನೈಟ್ರೇಟ್ ಹುಟ್ಟುತ್ತದೆ. ಆ ನೈಟ್ರೇಟ್ ಈ ಕಿಣ್ವದ ಸಹಿ. 2021ರಲ್ಲಿ ಕುಯೆನೇನಿಯ ಎಂಬ ಅನಾಮಾಕ್ಸ್ ಜೀವಿಯ ಕಿಣ್ವದ ರಚನೆ ಪ್ರಕಟವಾಯಿತು. ಅನಾಮಾಕ್ಸೋಸೋಮ್ ಎಂಬ ಒಳಕೋಶದಲ್ಲಿ ಅದು ಬಿಡಿಬಿಡಿಯಾಗಿ ತೇಲದೆ ಉದ್ದುದ್ದ ಕೊಳವೆಗಳಾಗಿ ಜೋಡಣೆಗೊಂಡಿರುವುದು ಆ ಅಧ್ಯಯನದಲ್ಲಿ ತಿಳಿಯಿತು.

ಉತ್ತರ 3: ಕೊಳಚೆ ನೀರು ಶುದ್ಧೀಕರಣ ಎಂಜಿನಿಯರ್

ಮೇಲಿನ ವಿವರಣೆಗಳನ್ನು ಓದಿ ಸಂತೋಷವಾಯಿತು. ಈ ಕಿಣ್ವವನ್ನು ನಾನು ಕಣ್ಣಾರೆ ನೋಡಿದವನಲ್ಲ, ಆದರೆ ಅದರ ಕೆಲಸ ನಿಂತಾಗ ಆಗುವ ತೊಂದರೆಯನ್ನು ಹಲವು ವರ್ಷ ನೋಡಿದ್ದೇನೆ. ನಾವು ಓದುವಾಗ ಶುದ್ಧೀಕರಣ ತೊಟ್ಟಿಗಳಲ್ಲಿ ನೈಟ್ರೈಟನ್ನು ಉತ್ಕರ್ಷಿಸುವುದು ನೈಟ್ರೊಬ್ಯಾಕ್ಟರ್ ಎಂದೇ ಕಲಿಸಿದ್ದರು. 1892ರಲ್ಲಿ ಸೂಕ್ಷ್ಮಜೀವಿಶಾಸ್ತ್ರಜ್ಞ ವಿನೊಗ್ರಾಡ್‌ಸ್ಕಿ ಆ ಹೆಸರನ್ನು ಕೊಟ್ಟಂದಿನಿಂದ ಕೃಷಿಮಾಧ್ಯಮದಲ್ಲಿ ಬೇಗ ಬೆಳೆದದ್ದು ಅದೇ ಆದ್ದರಿಂದ ಎಲ್ಲೆಡೆ ಅದೇ ಇದೆಯೆಂಬ ನಂಬಿಕೆ ಗಟ್ಟಿಯಾಗಿತ್ತು. ಪ್ರಯೋಗಾಲಯದವರು ಕೊಡುತ್ತಿದ್ದ ಹೆಚ್ಚಿನ ನೈಟ್ರೈಟಿನಲ್ಲಿ ನೈಟ್ರೊಬ್ಯಾಕ್ಟರ್ ಗೆಲ್ಲುವುದು ಸಹಜವೇ ಎಂದು ಉತ್ತರ 2ರ ಅಂಕಿಗಳಿಂದ ಈಗ ತಿಳಿಯುತ್ತದೆ. 1990ರ ದಶಕದ ಕೊನೆಯಲ್ಲಿ ಕೃಷಿ ಮಾಡದೆ ನೇರವಾಗಿ ಡಿಎನ್‌ಎ ಮತ್ತು ಆರ್‌ಎನ್‌ಎ ಗುರುತುಗಳಿಂದ ಹುಡುಕಿದಾಗ ಹೆಚ್ಚಿನ ತೊಟ್ಟಿಗಳಲ್ಲಿ ನೈಟ್ರೋಸ್ಪೈರವೇ ಮೇಲುಗೈ ಪಡೆದಿರುವುದು ಹೊರಬಂತು. ಸಿಹಿನೀರಿನ ಮೀನುತೊಟ್ಟಿಗಳ ಸೋಸುಕಗಳಲ್ಲಿಯೂ 1998ರಲ್ಲಿ ಇದೇ ಫಲಿತಾಂಶ ಸಿಕ್ಕಿತು.

ವಿದ್ಯಾರ್ಥಿನಿಯವರು ಗಮನದಲ್ಲಿ ಇಟ್ಟುಕೊಳ್ಳಬೇಕಾದ ವ್ಯಾವಹಾರಿಕ ಸಂಗತಿ ಒಂದಿದೆ. ನೈಟ್ರೈಟ್ ಉತ್ಕರ್ಷಕಗಳು ಅಯಾನೀಕರಣಗೊಳ್ಳದ ಅಮೋನಿಯಕ್ಕೂ ನೈಟ್ರಸ್ ಆಮ್ಲಕ್ಕೂ ಬಹಳ ಸೂಕ್ಷ್ಮ. 1976ರಲ್ಲಿ ಆಂಥೋನಿಸನ್ ಮತ್ತು ಸಂಗಡಿಗರು ತೋರಿಸಿದಂತೆ ಲೀಟರಿಗೆ 0.1ರಿಂದ 1 ಮಿಲಿಗ್ರಾಂ ಮುಕ್ತ ಅಮೋನಿಯ ಇದ್ದರೆ ಇವುಗಳ ಕೆಲಸ ಕುಂಠಿತವಾಗುತ್ತದೆ. ಅಮೋನಿಯ ಉತ್ಕರ್ಷಕಗಳಾದರೋ 10 ಮಿಲಿಗ್ರಾಂ ದಾಟುವ ತನಕ ತಡೆದುಕೊಳ್ಳುತ್ತವೆ. ಆದ್ದರಿಂದ ಪಿಎಚ್ ಏರಿ ಮುಕ್ತ ಅಮೋನಿಯ ಹೆಚ್ಚಿದಾಗ ಮೊದಲ ಹೆಜ್ಜೆ ನಡೆದು ಎರಡನೆಯದು ನಿಂತು ನೈಟ್ರೈಟ್ ಶೇಖರವಾಗುತ್ತದೆ. ನೈಟ್ರೈಟ್ ಜಲಚರಗಳಿಗೆ ವಿಷವಾದ್ದರಿಂದ ಸಾಮಾನ್ಯ ಘಟಕದಲ್ಲಿ ಇದು ವಿಪತ್ತು. ಆದರೆ ಇದೇ ದೌರ್ಬಲ್ಯವನ್ನು ಬೇಕೆಂದೇ ಬಳಸಿಕೊಳ್ಳುವ ಘಟಕಗಳೂ ಇವೆ. ನೈಟ್ರೇಟಿನ ತನಕ ಹೋಗದೆ ನೈಟ್ರೈಟಿನಲ್ಲಿಯೇ ನಿಲ್ಲಿಸಿ ಅಲ್ಲಿಂದ ಸಾರಜನಕ ಅನಿಲಕ್ಕೆ ಹೋದರೆ ಗಾಳಿಯೂದುವ ಆಮ್ಲಜನಕದಲ್ಲಿ ಶೇಕಡಾ 25, ಸಾವಯವ ಇಂಗಾಲದಲ್ಲಿ ಶೇಕಡಾ 40 ಉಳಿತಾಯ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಮೋನಿಯ ಉತ್ಕರ್ಷಕಗಳು ನೈಟ್ರೈಟ್ ಉತ್ಕರ್ಷಕಗಳಿಗಿಂತ ವೇಗವಾಗಿ ಬೆಳೆಯುವುದರಿಂದ, ನೀರನ್ನು ತೊಟ್ಟಿಯಲ್ಲಿ ಒಂದು ದಿನದಷ್ಟು ಮಾತ್ರ ನಿಲ್ಲಿಸಿ ನಿಧಾನಗತಿಯವರನ್ನು ತೊಳೆದು ಕಳಿಸುವ ವಿಧಾನ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ರೂಪುಗೊಂಡಿತು.

ಈ ಎಲ್ಲ ಯೋಜನೆಗಳನ್ನು ಕೆಡಿಸುವುದು ನೈಟ್ರೋಸ್ಪೈರವೇ. ಆಮ್ಲಜನಕವನ್ನು ಕಡಿಮೆ ಮಾಡಿ ಅದನ್ನು ಸೋಲಿಸಲು ಹೊರಟರೆ ಕೆಲವೊಮ್ಮೆ ಕಡಿಮೆ ಆಮ್ಲಜನಕಕ್ಕೇ ಒಗ್ಗಿಕೊಂಡು ಮತ್ತೆ ತಲೆಯೆತ್ತುತ್ತದೆ.

ಉತ್ತರ 2 ಬರೆದವರಿಂದ ಸೇರ್ಪಡೆ

ಕ್ಲೋರೇಟಿನ ವಿಷಯದಲ್ಲಿ ಬೋಧಕರ ವಿವರಣೆ ಸರಿ. ಅದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಆ ವಿಧಾನಕ್ಕೆ ಆಧಾರವಾದ 1950ರ ದಶಕದ ಕೆಲಸ ನೈಟ್ರೊಬ್ಯಾಕ್ಟರ್ ಮೇಲೆ ನಡೆದದ್ದು. ನೈಟ್ರೋಸ್ಪೈರ ಡಿಫ್ಲುವಿಯದಲ್ಲಿ ಕ್ಲೋರೈಟ್ ಡಿಸ್‌ಮ್ಯುಟೇಸ್ ಎಂಬ ಮತ್ತೊಂದು ಕಿಣ್ವವಿದೆ. ಅದು ಕ್ಲೋರೈಟನ್ನು ಒಡೆದು ನಿರಪಾಯಕಾರಿಯಾದ ಕ್ಲೋರೈಡ್ ಮತ್ತು ಆಮ್ಲಜನಕವಾಗಿಸುತ್ತದೆ. 2008ರಲ್ಲಿ ಈ ಕಿಣ್ವವನ್ನು ತಯಾರಿಸಿ ಅದು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಆದ್ದರಿಂದ ನಿಮ್ಮ ಮಣ್ಣಿನಲ್ಲಿ ನೈಟ್ರೋಸ್ಪೈರ ಹೆಚ್ಚಾಗಿದ್ದರೆ ಕ್ಲೋರೇಟ್ ಹಾಕಿದ ಮೇಲೂ ಸ್ವಲ್ಪ ನೈಟ್ರೈಟ್ ನೈಟ್ರೇಟಾಗಿ ಹೋಗಿ, ನೀವು ಅಳೆಯುವ ನೈಟ್ರೀಕರಣದ ವೇಗ ವಾಸ್ತವಕ್ಕಿಂತ ಕಡಿಮೆಯಾಗಿ ಕಾಣುವ ಅಪಾಯವಿದೆ. ಹೊರಗಿನಿಂದ ನೈಟ್ರೈಟ್ ಸೇರಿಸಿದ ಒಂದು ನಿಯಂತ್ರಣ ಸೀಸೆಯನ್ನು ಕ್ಲೋರೇಟಿನೊಡನೆ ಇಟ್ಟು, ಅದರಲ್ಲಿ ನೈಟ್ರೈಟ್ ಕಡಿಮೆಯಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನೊಂದು ತೊಡಕೂ ಇದೆ. 2015ರಲ್ಲಿ ಎರಡು ಗುಂಪುಗಳು ಒಟ್ಟಿಗೇ ವರದಿ ಮಾಡಿದಂತೆ ನೈಟ್ರೋಸ್ಪೈರ ಕುಲದ ಕೆಲವು ಜೀವಿಗಳು ಅಮೋನಿಯದಿಂದ ನೈಟ್ರೇಟಿನ ತನಕ ಇಡೀ ದಾರಿಯನ್ನು ಒಂದೇ ಕೋಶದಲ್ಲಿ ನಡೆಸುತ್ತವೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಎರಡು ಹೆಜ್ಜೆಗಳಿಗೆ ಎರಡು ಬಗೆಯ ಜೀವಿಗಳೆಂದು ಕಲಿಸಿದ ವಿಷಯವಿದು. ಹೆಜ್ಜೆಗಳನ್ನು ಕ್ಲೋರೇಟಿನಿಂದ ಬೇರ್ಪಡಿಸಿ ಅಳೆಯುತ್ತೇವೆ ಎನ್ನುವಾಗ ಈ ಪೂರ್ಣ ನೈಟ್ರೀಕಾರಕಗಳ ಪಾಲು ಎಲ್ಲಿ ಸೇರುತ್ತದೆ ಎಂದು ಯೋಚಿಸಲೇಬೇಕು.

ಉತ್ತರ 4: ಸಾಗರ ರಸಾಯನದಲ್ಲಿ ಕೆಲಸ ಮಾಡುವವರು

ಆಮ್ಲಜನಕ ಪರಮಾಣುವಿನ ಮೂಲದ ಮಾತು ಬಂದದ್ದರಿಂದ, ಈ ಕಿಣ್ವ ಸಾರಜನಕದ ಸಮಸ್ಥಾನಿಗಳ ಮೇಲೆ ಬಿಡುವ ವಿಚಿತ್ರ ಗುರುತನ್ನೂ ಹೇಳದೆ ಇರಲಾರೆ. ಸಾಮಾನ್ಯವಾಗಿ ಜೀವರಾಸಾಯನಿಕ ಕ್ರಿಯೆಗಳಲ್ಲಿ ಹಗುರ ಸಮಸ್ಥಾನಿ ಬೇಗ ಕ್ರಿಯೆಗೊಳಗಾಗಿ ಭಾರವಾದದ್ದು ಹಿಂದೆ ಉಳಿಯುತ್ತದೆ. ನೈಟ್ರೈಟ್ ಉತ್ಕರ್ಷಣದಲ್ಲಿ ಇದು ತಿರುಗುಮುರುಗು: 15 ದ್ರವ್ಯರಾಶಿಯ ಭಾರವಾದ ಸಾರಜನಕವುಳ್ಳ ನೈಟ್ರೈಟ್ ಮೊದಲು ಖರ್ಚಾಗುತ್ತದೆ, ಉಳಿದ ನೈಟ್ರೈಟ್ ಹೋಗ್ತಾ ಹೋಗ್ತಾ ಹಗುರವಾಗುತ್ತದೆ. 2009ರಲ್ಲಿ ಕಾಸಿಯೊಟ್ಟಿ ಎಂಬ ವಿಜ್ಞಾನಿ ಇದನ್ನು ವರದಿ ಮಾಡಿದರು. ಎರಡು ಆಮ್ಲಜನಕಗಳ ಜೊತೆಗಿದ್ದ ಸಾರಜನಕ ಮೂರನೆಯದನ್ನು ಕಟ್ಟಿಕೊಳ್ಳುವ ಮಧ್ಯದ ಸ್ಥಿತಿಯಲ್ಲಿ ಅದರ ಬಂಧಗಳು ಮೊದಲಿಗಿಂತ ಬಿಗಿಯಾಗುತ್ತವೆ, ಬಿಗಿಯಾದ ಬಂಧಗಳನ್ನು ಭಾರವಾದ ಪರಮಾಣು ಹೆಚ್ಚು ಇಷ್ಟಪಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಬೋಧಕರು ವರ್ಣಿಸಿದ ಮಾಲಿಬ್ಡಿನಂ ಮೇಲಿನ ಆ ಒಂದು ಕ್ಷಣದ ಕುರುಹು ಹೀಗೆ ಸಮುದ್ರದ ನೀರಿನ ಮಾದರಿಯಲ್ಲಿ ಅಳೆಯಲು ಸಿಗುತ್ತದೆ.

ಸಾಗರದಲ್ಲಿ ಆಮ್ಲಜನಕ ಬಹಳ ಕಡಿಮೆಯಿರುವ ವಲಯಗಳಲ್ಲಿ ನೈಟ್ರೈಟ್ ಶೇಖರವಾಗಿರುತ್ತದೆ. ಅದನ್ನು ಅಪಕರ್ಷಿಸಿ ಅನಿಲವಾಗಿಸುವ ಜೀವಿಗಳು ಮತ್ತು ಉತ್ಕರ್ಷಿಸಿ ನೈಟ್ರೇಟಾಗಿಸುವ ಜೀವಿಗಳು ಅಲ್ಲಿ ಪೈಪೋಟಿ ನಡೆಸುತ್ತವೆ. ಮೊದಲನೆಯವುಗಳಿಂದ ಸಾರಜನಕ ಸಾಗರದಿಂದ ಕಳೆದುಹೋಗುತ್ತದೆ, ಎರಡನೆಯವುಗಳಿಂದ ಉಳಿಯುತ್ತದೆ. ಉಳಿದ ನೈಟ್ರೈಟಿನ ಅಸಹಜ ಹಗುರತನವನ್ನು ನೋಡಿಯೇ ಅಲ್ಲಿ ಉತ್ಕರ್ಷಣ ಗಣನೀಯವಾಗಿ ನಡೆಯುತ್ತಿದೆ ಎಂದು ತಿಳಿಯಲು ಸಾಧ್ಯವಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಯಂತ್ರಣ ಸೀಸೆಯನ್ನು ಮುಂದಿನ ಪ್ರಯೋಗದಿಂದಲೇ ಇಡುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ನನ್ನ ಮಣ್ಣಿನಲ್ಲಿರುವುದು ಒಳಮುಖದ ಕಿಣ್ವವುಳ್ಳವೋ ಹೊರಮುಖದವೋ ಎಂದು ತಿಳಿಯಲು ಕಿಣ್ವದ ಜೀನನ್ನೇ ಪಿಸಿಆರ್ ಮಾಡಿ (ಅದರ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ) ನೋಡಬಹುದೇ?

ಉತ್ತರ 2 ಬರೆದವರು

ಮಾಡಬಹುದು, ಆದರೆ ಒಂದೇ ಪ್ರೈಮರ್ ಜೋಡಿಯಿಂದ (ಗುರಿ ಜೀನನ್ನು ಗುರುತಿಸುವ ಸಣ್ಣ ಡಿಎನ್‌ಎ ತುಣುಕುಗಳಿಂದ) ಆಗುವುದಿಲ್ಲ. ಎರಡು ವಂಶಗಳ ಜೀನುಗಳು ಅಷ್ಟು ದೂರ ಸರಿದಿವೆ. ನೈಟ್ರೊಬ್ಯಾಕ್ಟರ್‌ಗೆ ಸಾಮಾನ್ಯವಾಗಿ ಆಲ್ಫಾ ಉಪಘಟಕದ ಜೀನನ್ನೂ ನೈಟ್ರೋಸ್ಪೈರಕ್ಕೆ ಬೀಟಾ ಉಪಘಟಕದ ಜೀನನ್ನೂ ಗುರಿಯಾಗಿಸಿದ ಪ್ರೈಮರುಗಳನ್ನು ಬಳಸುತ್ತಾರೆ. ನೈಟ್ರೋಸ್ಪೈರದ ಜೀನೋಮಿನಲ್ಲಿ ಈ ಜೀನಿನ ಒಂದಕ್ಕಿಂತ ಹೆಚ್ಚು ಪ್ರತಿಗಳಿರುವುದುಂಟು, ಆದ್ದರಿಂದ ಜೀನುಗಳ ಎಣಿಕೆಯನ್ನು ನೇರವಾಗಿ ಕೋಶಗಳ ಎಣಿಕೆಯೆಂದು ಬರೆಯಬೇಡಿ. ತಂಪು ಪ್ರದೇಶದ ಮಣ್ಣಾದರೆ 2007ರಲ್ಲಿ ಸೈಬೀರಿಯದ ಹಿಮಗಟ್ಟಿದ ನೆಲದಿಂದ ವರದಿಯಾದ ನೈಟ್ರೊಟೋಗ ಎಂಬ ನೈಟ್ರೈಟ್ ಉತ್ಕರ್ಷಕವೂ ಇರಬಹುದು. ಅದರ ಕಿಣ್ವ ಈ ಎರಡೂ ವಂಶಗಳಿಂದ ಬೇರೆಯಾದ್ದರಿಂದ ಮೇಲಿನ ಎರಡೂ ಪ್ರೈಮರ್ ಜೋಡಿಗಳಿಗೆ ಸಿಗುವುದಿಲ್ಲ. ಅದನ್ನು ಬ್ಯಾಕ್ಟೀರಿಯಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನಿನಿಂದಲೇ ಹುಡುಕಬೇಕು.